ನಗಬಾರದ ಹೊತ್ತು

ಏಳನೇ ಕ್ಲಾಸಿನಿಂದ ಬಂದಿದ್ದ ಏಳೆಂಟು ಮಕ್ಕಳನ್ನು ಗೇಟಿನಲ್ಲೇ ತಡೆದು ಟೈಲರ್ ತುಟಿಯ ಮೇಲೆ ಬೆರಳಿಟ್ಟ.

"ಒಳಗೆ ಯಾರೂ ನಗಬಾರ್ದು. ಗೊತ್ತಾಯ್ತಾ?"

ಯಾಕಾದರೂ ಹೇಳಿದೆನೋ ಅನ್ನಿಸಿತು. ನಗಬೇಡ ಅಂದರೆ ನಗುವ ವಯಸ್ಸು ಅದು. ಎರಡು ಜಡೆಯ ಹುಡುಗಿಯೊಬ್ಬಳ ಕೆನ್ನೆ ಆಗಲೇ ಉಬ್ಬಿತ್ತು.

ಮುಂದಿನ ಕೋಣೆಯಲ್ಲಿ, ಶವಪೆಟ್ಟಿಗೆಯೊಳಗೆ, ಟೈಲರನ ಹೆಂಡತಿ ಮಲಗಿದ್ದಳು. ಈ ಮಕ್ಕಳ ಬಾಯಲ್ಲಿ ಅವಳು ಗುಡುಗು ಮಿಸ್. ತಲೆಯ ಬಳಿ ಕೂತಿದ್ದ ಅವಳ ಅಣ್ಣ ಎದ್ದು ಬಾಗಿಲಿಗೆ ಬಂದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಈಗಲೂ ಯಾರಾದರೂ ಕೆಮ್ಮಿದರೆ ತಿರುಗಿ ಗುರಾಯಿಸುವವರು.

"ಮಕ್ಕಳು ಬೇಡ. ಅವಳ ಮರ್ಯಾದೆ ತೆಗೀತಾರೆ. ಜೀವಮಾನವೆಲ್ಲ ಇವರನ್ನ ನೋಡಿದೀನಿ ನಾನು."

"ಮುಖ ನೋಡಿ ಹೋಗ್ತಾರೆ ಭಾವ."

"ಏನಾದ್ರೂ ಆದ್ರೆ ನಾನೇ ಹೊರಗೆ ಹಾಕ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಟೈಲರ್ ತಲೆಯಾಡಿಸಿದ. ಮದುವೆಯಾದ ದಿನದಿಂದಲೂ ಈ ಭಾವನ ಮುಂದೆ ಅವನ ಬಾಯಿ ಏಳುತ್ತಿರಲಿಲ್ಲ.

*

ಐವತ್ತು ದಾಟಿದ ಮೇಲೆ ಅವಳು ಮತ್ತೆ ಕಾಲೇಜು ಸೇರಿದ್ದಳು. ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಕಲಿಸುವುದರಲ್ಲೇ ಮಾಸ್ಟರ್ಸ್ ಪದವಿಯಂತೆ. "ಇಷ್ಟು ವರ್ಷ ಕಲಿಸಿದ್ದೇನು ಹಾಗಾದ್ರೆ?" ಎಂದು ಅಣ್ಣ ಗೇಲಿ ಮಾಡಿದ್ದರು. ಗಂಡನೂ ನಕ್ಕಿದ್ದ. ಆದರೆ ಬಟ್ಟೆ ಕತ್ತರಿಸುವ ಮೇಜಿನಲ್ಲಿ ಅರ್ಧ ಅವಳ ಓದಿಗೆ ಬಿಟ್ಟುಕೊಟ್ಟಿದ್ದ.

ಒಂದು ಸಂಜೆ ಅವಳು ಪುಸ್ತಕ ಮುಚ್ಚಿ ಸಪ್ಪಗೆ ಕೂತಳು.

"ಏನಾಯ್ತೇ?"

"ಈ ವಯಸ್ಸಿನ ಮಕ್ಕಳು ಹೆದರಿದಾಗ ನಗ್ತಾರಂತೆ ರೀ. ಬೇಕೂಂತ ಅಲ್ಲ, ತಡ್ಕೊಳ್ಳೋಕೆ ಆಗಲ್ವಂತೆ."

"ಅದಕ್ಕೇನೀಗ?"

"ನಕ್ಕೋರನ್ನೆಲ್ಲ ಹೊರಗೆ ನಿಲ್ಲಿಸ್ತಿದ್ದೆನಲ್ಲ! ಇನ್ನೂ ಒಂದು ವರ್ಷ ಓದೋದಿದೆ. ಇನ್ನೇನೇನು ತಿಳಿಯುತ್ತೋ, ನೆನೆಸ್ಕೊಂಡ್ರೆ ಭಯ ಆಗುತ್ತೆ," ಎಂದವಳು ತಾನೇ ನಕ್ಕುಬಿಟ್ಟಳು.

ಆ ಒಂದು ವರ್ಷ ಅವಳಿಗೆ ಸಿಗಲಿಲ್ಲ.

*

ಮಕ್ಕಳು ಸಾಲಾಗಿ ಬಂದು ಗೋಡೆ ಪಕ್ಕದ ಬೆಂಚಿನಲ್ಲಿ ಕೂತರು. ಟೈಲರ್ ಒಬ್ಬೊಬ್ಬರ ಮುಖವನ್ನೂ ಕಾಯುತ್ತಾ ನಿಂತ. ಜಡೆಯ ಹುಡುಗಿ ಪೆಟ್ಟಿಗೆಯತ್ತ ನೋಡಿದಳು, ನೆಲ ನೋಡಿದಳು, ಮತ್ತೆ ಪೆಟ್ಟಿಗೆಯತ್ತ ನೋಡಿದಳು. ಕಿಸಕ್ ಎಂದಳು. ಅದು ಪಕ್ಕದವನಿಗೆ ಅಂಟಿತು. ಬೆಂಚಿಗೆ ಬೆಂಚೇ ಕುಲುಕಿತು. ನೆಂಟರು ಮುಖ ಮುಖ ನೋಡಿಕೊಂಡರು.

"ಏಳ್ರೋ! ನಡೀರಿ ಹೊರಗೆ!" ಭಾವ ಅಬ್ಬರಿಸಿದರು.

ಟೈಲರ್ ಅಡ್ಡ ಹೋಗಿ ನಿಂತ.

"ಕೂತಿರಲಿ ಭಾವ."

"ನಗ್ತಿದಾರೆ ಕಣ್ರೀ! ಕಾಣಿಸ್ತಿಲ್ವಾ?"

"ಹೆದರಿದಾರೆ. ಇವಳೇ ಹೇಳಿದ್ಲು." ಪೆಟ್ಟಿಗೆಯತ್ತ ಕೈ ತೋರಿಸಿದ. "ಇವಳ ಮುಂದೆ ಇವಳ ಮಕ್ಕಳನ್ನ ಹೊರಗೆ ಹಾಕೋಕೆ ನಾನು ಬಿಡಲ್ಲ."

ಅಷ್ಟರಲ್ಲಿ ಶವದ ಗಾಡಿಯವನು ಹೊತ್ತಾಯಿತೆಂದು ಕೂಗಿದ. ಇಬ್ಬರು ಬಂದು ಮುಚ್ಚಳ ಎತ್ತಿದರು. ಅವಳ ಮುಖದ ಮೇಲೆ ನೆರಳು ಬಿತ್ತು. ಮುಚ್ಚಳ ಕೂತಿತು.

ಯಾರೋ ಕಿಸಕ್ಕನೆ ನಕ್ಕರು.

ಎಲ್ಲರೂ ಬೆಂಚಿನ ಕಡೆ ತಿರುಗಿದರು. ಮಕ್ಕಳು ನಗುತ್ತಿರಲಿಲ್ಲ. ಅವರೆಲ್ಲ ಹೆಡ್‌ಮಾಸ್ಟರ್ ಭಾವನನ್ನೇ ನೋಡುತ್ತಿದ್ದರು. ಅವರು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದರು. ಬೆರಳ ಸಂದಿಯಿಂದ ನಗು ಉಕ್ಕುತ್ತಲೇ ಇತ್ತು. ದಿಕ್ಕೆಟ್ಟ ಕಣ್ಣು ಟೈಲರನನ್ನು ಹುಡುಕುತ್ತಿತ್ತು.

ಜಡೆಯ ಹುಡುಗಿ ಪಕ್ಕದವನನ್ನು ಮೊಣಕೈಯಿಂದ ತಿವಿದಳು. ಮಕ್ಕಳೆಲ್ಲ ಒತ್ತೊತ್ತಾಗಿ ಸರಿದು, ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು.