ಹತ್ತು ಕಂಪ್ಯೂಟರು, ಹತ್ತು ಹಾಳೆ

ಕ್ಷಮೆ ದೊಡ್ಡ ಗುಣ ಎನ್ನುತ್ತಾರೆ. ನನಗೆ ಆ ಗುಣವಿಲ್ಲ, ಬರಲಿ ಎಂಬ ಆಸೆಯೂ ಇಲ್ಲ.

ಹೊಸನಗರದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕಂಪ್ಯೂಟರ್ ಕಲಿಸುವ ಅತಿಥಿ ಶಿಕ್ಷಕಿಯಾಗಿದ್ದೆ. ಅಲ್ಲಿನ ಹೆಡ್‌ಮಾಸ್ಟರ್ ಮಹಾಗಣಪತಿ ಸರ್ ಒಂದು ದಿನ ಯಾರಿಂದಲೋ ಪೆನ್‌ಡ್ರೈವ್ ತಂದು, ಇದರಲ್ಲಿರುವ ಸಾಫ್ಟ್‌ವೇರನ್ನು ಹತ್ತೂ ಕಂಪ್ಯೂಟರಿಗೆ ಹಾಕು ಎಂದರು. ಇದು ಕದ್ದ ಕಾಪಿ, ಲೈಸೆನ್ಸ್ ಇಲ್ಲ ಎಂದೆ. ವಿದ್ಯೆಗೆಲ್ಲಿಯ ಕಳ್ಳತನ ಎಂದು ನಕ್ಕರು. ಹಾಕುವಾಗ ಅದು ಮಾಲೀಕರ ಹೆಸರು ಕೇಳಿತು. ನಮ್ಮ ಕಡೆ ಶಾಲೆಗೆ ಫ್ಯಾನು ಕೊಟ್ಟರೆ ರೆಕ್ಕೆಯ ಮೇಲೆ, ಬೀರು ಕೊಟ್ಟರೆ ಬಾಗಿಲ ಮೇಲೆ ಕೊಟ್ಟವರ ಹೆಸರು ಬರೆಸುವುದು ಉಂಟಲ್ಲ. ಅದೇ ಅಭ್ಯಾಸದಲ್ಲಿ ತಾವೇ ಕೂತು ತಮ್ಮ ಹೆಸರನ್ನು ಇನಿಷಿಯಲ್ ಸಮೇತ ಟೈಪ್ ಮಾಡಿದರು.

ಮರುವರ್ಷ ಇಲಾಖೆಯ ಸುತ್ತೋಲೆ ಬಂತು: ಲೈಸೆನ್ಸಿಲ್ಲದ ಸಾಫ್ಟ್‌ವೇರ್ ಹಾಕಿದವರ ಮೇಲೆ ಕ್ರಮ. ಸರ್ ಎಲ್ಲವನ್ನೂ ಅಳಿಸಿ ಹಾಕಿಸಿ, ಇದು ತಮಗೆ ತಿಳಿಯದಂತೆ ಅತಿಥಿ ಶಿಕ್ಷಕಿ ಸುಷ್ಮಾ ಮಾಡಿದ ಕೆಲಸ ಎಂದು ಪತ್ರ ಬರೆದರು. ನನ್ನ ಮಾತಿಗೆ ಪುರಾವೆಯೇ ಉಳಿಯಲಿಲ್ಲ. ಆಮೇಲೆ ಮೂರು ತಾಲೂಕಿನಲ್ಲಿ ಯಾವ ಶಾಲೆಯೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಹೋದಲ್ಲೆಲ್ಲ ಆ ಪತ್ರದ ಸುದ್ದಿ ಮೊದಲೇ ತಲುಪಿರುತ್ತಿತ್ತು.

ಈಗ ಸಾಗರದ ಒಂದು ಕಂಪ್ಯೂಟರ್ ಏಜೆನ್ಸಿಯಲ್ಲಿದ್ದೇನೆ. ಈ ವರ್ಷ ಶಾಲೆಗಳ ಕಂಪ್ಯೂಟರ್ ತಪಾಸಣೆ ನಮಗೆ ಸಿಕ್ಕಿತು. ಮಹಾಗಣಪತಿ ಸರ್ ತೀರ್ಥಹಳ್ಳಿ ಕಡೆಗೆ ವರ್ಗವಾಗಿದ್ದರು. ಆ ಶಾಲೆಯನ್ನು ಕೇಳಿ ಪಡೆದೆ.

ಅಲ್ಲಿಯೂ ಹತ್ತು ಕಂಪ್ಯೂಟರು. ಒಂದೊಂದನ್ನೇ ತೆರೆದು ನೋಡಿದೆ. ಹುಟ್ಟುಗುಣ ಸುಟ್ಟರೂ ಹೋಗದು. ಅದೇ ಕದ್ದ ಕಾಪಿ, ಮಾಲೀಕರ ಜಾಗದಲ್ಲಿ ಅದೇ ಹೆಸರು, ಅದೇ ಇನಿಷಿಯಲ್. ಅದು ನಾನು ಹಿಂದೆಂದೂ ಕಾಲಿಡದ ಶಾಲೆ. ಹಾಲು ಕುಡಿದಷ್ಟು ಸಂತೋಷವಾಯಿತು.

ನನ್ನ ಗುರುತು ಹಿಡಿದ ಸರ್ ಕಾಫಿ ತರಿಸಿದರು. ನಾನು ಮುಟ್ಟಲಿಲ್ಲ. ಅಲ್ಲಿನ ಅತಿಥಿ ಶಿಕ್ಷಕಿ ವಿನಯಾ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಕೇಳಿಸುತ್ತದೆ ಎಂಬ ಸಂಕೋಚವೂ ಇಲ್ಲದೆ ಸರ್ ಹೇಳಿದರು:

"ಇವಳು ಹಾಕಿದ್ದು ಅಂತ ಬರ್ಕೊ ಮಾರಾಯ್ತಿ. ಹೆಂಗೂ ಮಾರ್ಚಿಗೆ ಹೋಗೋಳು."

ವಿನಯಾಳ ಮುಖ ಬಿಳಿಚಿಕೊಂಡಿತು. ನನ್ನಲ್ಲಿ ಎಲ್ಲಾದರೂ ಒಂಚೂರು ಕರುಣೆ ಉಳಿದಿದ್ದರೆ ಅದೂ ಆಗ ಹೋಯಿತು.

ಈ ಸಲದ ಸುತ್ತೋಲೆಯಲ್ಲಿ ಒಂದು ರಿಯಾಯಿತಿ ಇತ್ತು. ತಾವಾಗಿ ಒಪ್ಪಿ ಬರೆದುಕೊಟ್ಟರೆ ಸರಿಪಡಿಸಲು ಒಂದು ತಿಂಗಳು ಸಮಯ, ಮುಚ್ಚಿಟ್ಟರೆ ವಿಚಾರಣೆ. ಅದನ್ನು ಓದಿ ಹೇಳಿ, ಪರದೆಯನ್ನು ಅವರ ಕಡೆ ತಿರುಗಿಸಿದೆ. ತಮ್ಮ ಹೆಸರನ್ನು ನೋಡಿ ಅವರು ಜೇಬಿನಿಂದ ಪೆನ್ನು ತೆಗೆದರು.

"ಎಂತ ಬರೀಬೇಕು?"

"ಇಲ್ಲಿ ಹಾಕಿದ್ದು ನಾನೇ. ಹೊಸನಗರದಲ್ಲಿ ಹಾಕ್ಸಿದ್ದೂ ನಾನೇ, ಸುಷ್ಮಾ ಮೇಲೆ ಸುಳ್ಳು ಬರೆದೆ ಅಂತ. ಒಂದೊಂದು ಕಂಪ್ಯೂಟರಿಗೆ ಒಂದೊಂದು ಹಾಳೆ, ಸರ್."

ಮಕ್ಕಳಿಗೆ ಇಂಪೊಸಿಷನ್ ಬರೆಸಿಯೇ ತಲೆ ನರೆತವರು ಮಕ್ಕಳ ಬೆಂಚಿನಲ್ಲಿ ಬಗ್ಗಿ ಕೂತು ಬರೆಯತೊಡಗಿದರು. ವಿನಯಾ ಪ್ರತಿ ಹಾಳೆಗೂ ಸಾಕ್ಷಿ ಸಹಿ ಹಾಕಿದಳು. ನಿಯಮದ ಪ್ರಕಾರ ಒಂದೇ ಹಾಳೆ ಸಾಕಿತ್ತು. ನಾನು ಹೇಳಲಿಲ್ಲ.

ಹತ್ತನೆಯದರಲ್ಲಿ ನನ್ನ ಹೆಸರು ಸರಿಯಾಗಿ ಮೂಡಿರಲಿಲ್ಲ. ಅದನ್ನು ಹರಿದು, ಇನ್ನೊಂದು ಹಾಳೆ ಮುಂದಿಟ್ಟೆ.