ತಿರುಗಿ ಹೊಡೆದ ಕವಣೆಗಾರರು

ನನ್ನ ಕವಣೆಗಾರರನ್ನು ಆಟದಿಂದ ಕಿತ್ತುಹಾಕುತ್ತೇನೆ ಎಂದು ಚಿಕ್ಕಮ್ಮ ಬೆಳಿಗ್ಗೆಯೇ ಹೇಳಿದ್ದಳು. ಚಿಕ್ಕಮ್ಮ ಎನ್ನುವುದೆಲ್ಲ ಮನೆಯಲ್ಲಿ; ದರ್ಜಿ ಅಂಗಡಿಯ ಮೇಲಿನ ಈ ಎರಡು ಕೋಣೆಗಳಲ್ಲಿ ಅವಳು ನಮ್ಮ ವಿಡಿಯೋ ಗೇಮ್ ಕಂಪನಿಯ ಯಜಮಾನಿ. ಹಳೇ ಕಾಲದ ಯುದ್ಧದ ಆಟ ನಮ್ಮದು. ನಾನು ಸೈನಿಕರ ಚಿತ್ರ ಬರೆಯುವವಳು, ನನ್ನ ತಮ್ಮ ಪ್ರೋಗ್ರಾಂ ಬರೆದು ಅವರನ್ನು ಓಡಾಡಿಸುವವನು.

"ಬಿಲ್ಲುಗಾರರು ಇದ್ದಾರಲ್ಲ, ಈ ಕಲ್ಲು ಬೀಸೋರು ಯಾಕೆ?" ಎಂದಳು ಚಿಕ್ಕಮ್ಮ. "ಮಧ್ಯಾಹ್ನ ನಾನೇ ಆಡಿ ನೋಡ್ತೀನಿ. ಕೆಲಸಕ್ಕೆ ಬಂದ್ರೆ ಇರ್ಲಿ, ಇಲ್ದಿದ್ರೆ ಗಂಟುಮೂಟೆ ಕಟ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಬಡಪಾಯಿಗಳಿಗೆ ಕುದುರೆಯಿಲ್ಲ, ಗುರಾಣಿಯಿಲ್ಲ. ಕೈಯಲ್ಲೊಂದು ತೊಗಲಿನ ಕವಣೆ, ಸೊಂಟದ ಚೀಲದಲ್ಲಿ ಹೊಳೆಗಲ್ಲು, ಅಷ್ಟೇ. ಒಬ್ಬೊಬ್ಬರಿಗೂ ಬೇರೆ ಬೇರೆ ಮೂಗು ಬರೆದಿದ್ದೆ. ಯಾರ ಕಣ್ಣಿಗೂ ಬೀಳದ ಮೂಗುಗಳು. ಆದರೂ ನನಗೆ ಅವರೆಂದರೆ ಪ್ರಾಣ.

ಮಧ್ಯಾಹ್ನ ಚಿಕ್ಕಮ್ಮ ಕನ್ನಡಕ ಏರಿಸಿ ಕುಳಿತಳು. ಶತ್ರುಪಡೆ ಬಯಲಿಗೆ ಇಳಿಯಿತು. "ಹೊಡೀರಿ!" ಎನ್ನುತ್ತ ಮೌಸ್ ಒತ್ತಿದಳು. ಕವಣೆಗಾರರು ಬಹಳ ಗಂಭೀರವಾಗಿ ಹಿಂದಕ್ಕೆ ತಿರುಗಿ, ನಮ್ಮದೇ ಸೇನಾಪತಿಯ ಮೇಲೆ ಕಲ್ಲು ತೂರಿದರು. ಚಿನ್ನದ ಶಿರಸ್ತ್ರಾಣ ತೊಟ್ಟಿದ್ದ ಮಹಾನುಭಾವ ಕುದುರೆಯಿಂದ ದೊಪ್ಪನೆ ಬಿದ್ದ.

ಚಿಕ್ಕಮ್ಮ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. "ಆಯ್ತಮ್ಮ, ನಿನ್ನ ವೀರರ ಪ್ರತಾಪ ನೋಡಿದೆ. ತೆಗೆದುಹಾಕಿ."

ನಾನು ತಮ್ಮನ ಮೇಲೆ ಹರಿಹಾಯ್ದೆ. "ಏನೋ ಮಾಡಿದ್ದೀಯ ನೀನು?"

"ತಿರುಗಿ ಹೊಡೀಬೇಕು ಅಂತ ನೀನೇ ತಾನೇ ಹೇಳಿದ್ದು?"

"ತಿರುಗಿಸಿ ಹೊಡೀಬೇಕು ಅಂದಿದ್ದು ಕಣೋ, ತಿರುಗಿ-ಸಿ!"

"ಬಾಯ್ತುಂಬ ಬಿಸ್ಕತ್ತು ತುಂಬ್ಕೊಂಡು ಹೇಳಿದ್ರೆ 'ಸಿ' ಎಲ್ಲಿ ಕೇಳ್ಸುತ್ತಕ್ಕಾ? ಬಿಸ್ಕತ್ತಿನ ಜೊತೆ ಅದನ್ನೂ ನುಂಗಿದ್ದೆ ನೀನು."

ಸಿಟ್ಟು ನೆತ್ತಿಗೇರಿತು. ಕುತ್ತಿಗೆಯ ಸ್ಕಾರ್ಫ್ ಕಿತ್ತು ಮಡಿಸಿ, ನಡುವೆ ಪೆನ್ಸಿಲ್ ಅಳಿಸುವ ರಬ್ಬರ್ ಇಟ್ಟು, ಎರಡೂ ತುದಿ ಹಿಡಿದು ತಲೆಯ ಮೇಲೆ ಗಿರಗಿರನೆ ತಿರುಗಿಸಿ ಒಂದು ತುದಿ ಬಿಟ್ಟೆ. ರಬ್ಬರ್ ಚಿಕ್ಕಮ್ಮನ ಕಿವಿಯ ಪಕ್ಕದಲ್ಲೇ ಹಾದು ಆಚೆ ಕೋಣೆಯ ಗೋಡೆ ಗಡಿಯಾರಕ್ಕೆ ಟಣ್ಣೆಂದು ಬಡಿಯಿತು.

ಚಿಕ್ಕಮ್ಮನ ನಗು ನಿಂತಿತು. "ಅಷ್ಟು ದೂರ ಹೋಗುತ್ತಾ?"

"ಅದು ಬರೀ ರಬ್ಬರು, ಚಿಕ್ಕಮ್ಮ."

ಅಷ್ಟರಲ್ಲಿ ನನ್ನ ತಮ್ಮ ಪ್ರೋಗ್ರಾಂನಲ್ಲಿ ತಪ್ಪು ಸರಿಮಾಡಿದ್ದ. ಚಿಕ್ಕಮ್ಮ ಮತ್ತೆ ಆಡಿದಳು. ಈ ಸಲ ಕವಣೆಗಳು ತಲೆಯ ಮೇಲೆ ತಿರುಗಿದವು. ಬಾಣ ಮುಟ್ಟದಷ್ಟು ದೂರದಲ್ಲಿದ್ದ ಶತ್ರುಗಳು ಸಾಲುಸಾಲಾಗಿ ಉರುಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

"ಸರಿ, ಇರ್ಲಿ ಬಿಡು," ಎಂದಳು ಚಿಕ್ಕಮ್ಮ. ಆಮೇಲೆ ತಮ್ಮನ ಕಡೆ ತಿರುಗಿ, "ಆ ತಿರುಗಿ ಹೊಡೆಯೋದನ್ನೂ ಅಳಿಸ್ಬೇಡ ಕಣೋ, ಚೆನ್ನಾಗಿದೆ. ಸೇನಾಪತಿ ಈ ಕವಣೆಗಾರರಿಗೆ ಊಟ ಹಾಕದೆ ದುಡಿಸಿದ್ರೆ ಹಾಗೇ ಮಾಡ್ಲಿ."

ನಾನೂ ತಮ್ಮನೂ ಒಟ್ಟಿಗೆ ಗಡಿಯಾರದ ಕಡೆ ನೋಡಿದೆವು. ಊಟದ ಹೊತ್ತು ಯಾವಾಗಲೋ ಮೀರಿತ್ತು.

ಚಿಕ್ಕಮ್ಮನೂ ಗಡಿಯಾರ ನೋಡಿದಳು. ಆಮೇಲೆ ನನ್ನ ಕೈಯಲ್ಲಿ ಇನ್ನೂ ನೇತಾಡುತ್ತಿದ್ದ ಸ್ಕಾರ್ಫ್ ನೋಡಿ ತಟಕ್ಕನೆ ಎದ್ದಳು.

"ಏಳಿ ಏಳಿ, ಮೊದಲು ಊಟ!"