ಕೈಗೆ ಸಿಗುವ ದುಡ್ಡು

“ಪೂರ್ತಿ ತೆಗೀತೀರಾ?” ಕೌಂಟರಿನ ಹಿಂದಿನಿಂದ ಮಹಾಲಿಂಗ ಎರಡನೇ ಸಲ ಕೇಳಿದ.

“ಐನೂರು ಬಿಟ್ಟು,” ಎಂದಳು ಸುಧಾಮಣಿ.

ಅವನು ಚೀಟಿ ನೋಡಿದ, ಅವಳ ಬರಿಗೊರಳು ನೋಡಿದ, ಹಲ್ಲು ಬಿಟ್ಟ. “ಅಂತೂ! ಊಟಕ್ಕೆ ಕರೀಬೇಕು ಮೇಡಂ.”

ಗುಂಡ್ಲುಪೇಟೆಯ ಆ ಬ್ಯಾಂಕಿನಲ್ಲಿದ್ದ ಅರವತ್ತು ಸಾವಿರ ಅವಳ ಮದುವೆಗೆಂದು ಜವಾನನಿಗೂ ಗೊತ್ತಿತ್ತು. ಚಾಮರಾಜನಗರದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸ ಸಿಕ್ಕ ತಿಂಗಳೇ ಅವ್ವ ಪುಟ್ಟಮಲ್ಲಮ್ಮ ಈ ಬುಕ್ಕು ಮಾಡಿಸಿದ್ದಳು. ಗಂಡು ಯಾವಾಗ ಕೂಡಿಬರುತ್ತದೋ, ದುಡ್ಡು ಕೈಗೆ ಸಿಗುವ ಹಾಗಿರಬೇಕು. ಶುಭಕಾರ್ಯದ ದುಡ್ಡಿಗೆ ಬೀಗ ಹಾಕಬಾರದು. ಅದು ಮನೆಯ ಶಾಸ್ತ್ರ.

ಹದಿನಾರು ವರ್ಷ ದುಡ್ಡು ಐದು ಪರ್ಸೆಂಟಿನ ಆಸುಪಾಸಿನಲ್ಲಿ ತೂಕಡಿಸಿತು. ಗಂಡುಗಳು ಬಂದರು, ಕೇಸರಿಬಾತು ತಿಂದರು, ಊರಿಗೆ ಹೋಗಿ ಕಾಗದ ಹಾಕುತ್ತೇವೆಂದರು. ಅವ್ವ ತೀರಿಕೊಂಡಳು. ಸುಧಾಮಣಿಗೆ ಮೂವತ್ತೆಂಟಾಯಿತು.

ಅಂಚೆ ಕಚೇರಿಯಲ್ಲಿ ಆರು ವರ್ಷದ ಉಳಿತಾಯ ಪತ್ರಕ್ಕೆ ಹನ್ನೆರಡು ಪರ್ಸೆಂಟು. ತೇಗದ ಗಿಡ ನೆಟ್ಟು ಹತ್ತರಷ್ಟು ಕೊಡುತ್ತೇವೆಂದು ಬಂದವರಿಗೆ ಅವಳು ಸೊಪ್ಪು ಹಾಕಿರಲಿಲ್ಲ. ಜೂಜು ಅವಳ ಜಾಯಮಾನವಲ್ಲ. ನಿಜ ಹೇಳಬೇಕೆಂದರೆ ಬಡ್ಡಿಗಿಂತ ಅವಳಿಗೆ ರುಚಿಸಿದ್ದು ಆ ಆರು ವರ್ಷ. ಅಲ್ಲಿಯತನಕ ಯಾರೂ ಮುಟ್ಟುವ ಹಾಗಿಲ್ಲ!

ಮಹಾಲಿಂಗ ಫೋನು ಮಾಡಿರಬೇಕು. ಬ್ಯಾಂಕಿನ ಮೆಟ್ಟಿಲ ಮೇಲೇ ಅಣ್ಣ ಗಂಗಾಧರಸ್ವಾಮಿ ಎದುರಾದ. ಮಂಡಿಯಿಂದ ಎದ್ದು ಓಡಿ ಬಂದಿದ್ದ. ತೋಳಿಗೆಲ್ಲ ಅರಿಸಿನದ ಧೂಳು.

“ಏನಮ್ಮಿ, ದುಡ್ಡೆಲ್ಲಾ ತಗದ್ಬುಟ್ಯಂತೆ?”

“ಅಂಚೆ ಆಫೀಸಿಗೆ ಹಾಕ್ತೀನಿ. ಆರು ವರ್ಷಕ್ಕೆ.”

“ಆರು ವರ್ಸವಾ? ಭಾನುವಾರ ಸಂತೆಮರಳ್ಳಿಯೋರು ಬತ್ತಾವ್ರೆ ಕಣಮ್ಮಿ. ಎರಡ್ನೇ ಸಂಬಂಧ, ಆದ್ರೇನಂತೆ, ಒಳ್ಳೆ ಜನ. ದುಡ್ಡೆಲ್ಲಿ ಅಂದ್ರೆ ಏನನ್ಲಿ?”

“ಬೀಗ ಬಿದ್ದದೆ ಅನ್ನು.”

“ಜನ ನಗ್ತಾರೆ.”

“ಹದಿನಾರು ವರ್ಷದಿಂದ ನಗ್ತಾನೇ ಅವ್ರೆ. ದವಡೆ ನೋವು ಬಂದಿರ್ಬೇಕು, ಪಾಪ.”

ಅವನು ಬೈಯುತ್ತಾನೆಂದುಕೊಂಡಳು. ಬೈಯಲಿಲ್ಲ. ದನಿ ತಗ್ಗಿಸಿ, “ಆಸೆನೇ ಬುಟ್ಬುಟ್ಯಾ ಮಗಾ?” ಎಂದ.

ಕೋಪಕ್ಕಾದರೆ ಅವಳ ಬಳಿ ಉತ್ತರವಿತ್ತು. “ಬಸ್ಸಿಗೆ ಹೊತ್ತಾಯ್ತು,” ಎಂದು ಸರಸರ ಇಳಿದುಬಿಟ್ಟಳು. ದಾರಿಯುದ್ದಕ್ಕೂ ಬ್ಯಾಗನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಿದ್ದಳು.

ಚಾಮರಾಜನಗರದ ಅಂಚೆ ಕಚೇರಿಯ ಗುಮಾಸ್ತ ಫಾರಮ್ಮನ್ನು ವಾಪಸು ತಳ್ಳಿದ.

“ನಾಮಿನಿ ಬರ್ದಿಲ್ಲ.”

“ಯಾರೂ ಇಲ್ಲ.”

“ಯಾರದಾದ್ರೂ ಒಂದು ಹೆಸರು ಬರೀರಿ ಮೇಡಂ. ನಾಳೆ ಏನಾದ್ರೂ ಆದ್ರೆ?”

“ಏನೂ ಆಗಲ್ಲ.”

ಹದಿನಾರು ವರ್ಷದಲ್ಲಿ ಆಗದ್ದು ನಾಳೆ ಆಗುತ್ತದೆಯೇ! ಆ ಖಾಲಿ ಜಾಗದ ಉದ್ದಕ್ಕೂ ಗೆರೆ ಎಳೆದಳು. ಪೆನ್ನಿನ ಮುಳ್ಳಿಗೆ ಕಾಗದ ಹರಿಯಿತು. ಗುಮಾಸ್ತ ಅವಳ ಮುಖ ನೋಡದೆ ಠಸ್ಸೆ ಒತ್ತಿದ. ದುಡ್ಡು ಬಿಡಿಸಿಕೊಳ್ಳುವುದು ಇನ್ನು ೨೦೦೨ರಲ್ಲಿ. ಆಗ ಅವಳಿಗೆ ನಲವತ್ತನಾಲ್ಕು.

ಹೊರಗೆ ಬಿಸಿಲಿನಲ್ಲಿ ನಿಂತು, ಗೆದ್ದೆ ಅಂದುಕೊಂಡಳು. ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಎಂದು ಹೊಳೆಯಲಿಲ್ಲ. ಕೋಠಿಗೆ ನಡೆದಳು.

ಅಲ್ಲಿ ಹೆಂಗಸರು ಬೆಳಿಗ್ಗೆ ಜೋಡಿ ಕಟ್ಟಿದ್ದ ಚಿಟ್ಟೆಗಳನ್ನು ಬಿಡಿಸುತ್ತಿದ್ದರು. ಗಂಡು ಬುಟ್ಟಿಗೆ, ಹೆಣ್ಣು ಮೊಟ್ಟೆಯಿಡಲು ಕಾಗದದ ಮೇಲೆ, ಒಂದೊಂದರ ಮೇಲೂ ಒಂದೊಂದು ಕಪ್ಪು ಬಟ್ಟಲು. ಹಳೇ ಕೆಲಸಗಾರ್ತಿ ಮಲ್ಲಾಜಮ್ಮ ಅಂಗೈ ಚಾಚಿದಳು.

“ಇದು ಜೋಡಿಯಾಗ್ನಿಲ್ಲ ಕಣವ್ವ. ಆಗ್ಲೇ ಮೊಟ್ಟೆ ಇಡಕ್ಕೆ ಸುರು ಮಾಡ್ಕಂಡದೆ. ಎಸ್ದ್ಬುಡ್ಲಾ?”

ಅಂಥ ಮೊಟ್ಟೆ ಒಡೆದು ಮರಿಯಾಗುವುದಿಲ್ಲ. ವಾರದೊಳಗೆ ಬತ್ತಿ ಚಪ್ಪಟೆಯಾಗುತ್ತದೆ. ಸುಧಾಮಣಿಗೆ ಅದು ಗೊತ್ತಿಲ್ಲದ್ದೇನಲ್ಲ.

“ಇಲ್ಲಿ ಕೊಡು.”

“ಅಯ್ಯೋ, ಏನ್ ಬತ್ತದೆ ಅದ್ರಿಂದ?”

ಸುಧಾಮಣಿ ಚಿಟ್ಟೆಯನ್ನು ಬೇರೆ ಹಾಳೆಯ ಮೇಲಿಟ್ಟು ಬಟ್ಟಲು ಕವುಚಿದಳು. ಉಳಿದ ಹಾಳೆಗಳಿಗೆ ಬರೆಯುವಂತೆಯೇ ತಾರೀಖು ಬರೆದಳು. ಸ್ವಲ್ಪ ಹೊತ್ತಿನ ಮೇಲೆ ತಡೆಯಲಾರದೆ ಬಟ್ಟಲಿನ ಅಂಚು ಎತ್ತಿ ನೋಡಿದಳು. ಚಿಟ್ಟೆ ತನ್ನ ಸುತ್ತ ತಾನೇ ತಿರುಗುತ್ತಾ, ಒಂದರ ಪಕ್ಕ ಒಂದು, ಒಪ್ಪವಾಗಿ, ಮೊಟ್ಟೆ ಇಡುತ್ತಲೇ ಇತ್ತು.